ಕ್ಯಾಜುವಲ್ಟಿ ಬಾಗಿಲಿಗೆ ಮುಂಚಿನ ಉಸಿರು

ಮಂಗಳೂರಿನ ಫಳ್ನೀರ್ ರಸ್ತೆಯಲ್ಲಿ ನಿಂತವರಿಗೆ ಆಸ್ಪತ್ರೆ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಯುನಿಟಿ, ಹೈಲ್ಯಾಂಡ್ ಎರಡೂ ಇಲ್ಲೇ ಇವೆ. ಕಂಕನಾಡಿಯ ಕಡೆಗೆ ನಡೆದರೆ 1880ರಲ್ಲಿ ಶುರುವಾದ ಫಾದರ್ ಮುಲ್ಲರ್, ಹಂಪನಕಟ್ಟೆಯ ಕಡೆಗೆ ಹೋದರೆ 1848ರ ವೆನ್ಲಾಕ್, ಪಕ್ಕದ ಅತ್ತಾವರದಲ್ಲಿ ಕೆಎಂಸಿ. ದಕ್ಷಿಣ ಕನ್ನಡ ಒಂದೇ ಜಿಲ್ಲೆಯಲ್ಲಿ ಎಂಟು ವೈದ್ಯಕೀಯ ಕಾಲೇಜುಗಳಿವೆ, ಎಂಟೂ ಖಾಸಗಿ. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ರೋಗಿಗಳೂ ಬಂದು ಸೇರುವುದು ಈ ಎರಡು ಮೂರು ಕಿಲೋಮೀಟರಿನೊಳಗೆ. ಸೈರನ್ ಕೇಳಿದರೆ ಇಲ್ಲಿನ ಅಂಗಡಿಯವರು ತಲೆಯೆತ್ತಿಯೂ ನೋಡುವುದಿಲ್ಲ.

ಆದರೆ ಆಮ್ಲಜನಕ ಸಿಗದ ಮಿದುಳು ನಾಲ್ಕರಿಂದ ಆರು ನಿಮಿಷದೊಳಗೆ ಕೆಡತೊಡಗುತ್ತದೆ. ಈ ಲೆಕ್ಕಕ್ಕೆ ಆಸ್ಪತ್ರೆಗಳ ಸಂಖ್ಯೆ ಗೊತ್ತಿಲ್ಲ. ಸೋಮೇಶ್ವರದ ಬಂಡೆಯ ಬಳಿ ಅಲೆಗೆ ಸಿಕ್ಕವನಿಗೆ, ಬಿ.ಸಿ.ರೋಡಿನಲ್ಲಿ ಡಿವೈಡರಿಗೆ ತಲೆ ಬಡಿದುಕೊಂಡ ಬೈಕ್ ಸವಾರನಿಗೆ, ಸುಳ್ಯದ ತೋಟದಲ್ಲಿ ಹಾವು ಕಚ್ಚಿದವಳಿಗೆ ಫಳ್ನೀರಿನ ಐಸಿಯುಗಿಂತ ಮೊದಲು ಬೇಕಾದದ್ದು, ಆ ಹೊತ್ತಿಗೆ ಅಲ್ಲಿ ನಿಂತಿರುವವರಿಗೆ ಏನು ಗೊತ್ತಿದೆ ಎಂಬುದು. ರಿಕ್ಷಾದವರು, ಮೀನುಗಾರರು, ಹೋಮ್‌ಗಾರ್ಡ್‌ಗಳು, ಹೈವೇ ಗಸ್ತಿನ ಪೊಲೀಸರು, ಕದ್ರಿ ಮತ್ತು ಪಾಂಡೇಶ್ವರದ ಅಗ್ನಿಶಾಮಕ ಠಾಣೆಯವರು, ಕೊನೆಗೆ 108 ಆಂಬುಲೆನ್ಸಿನ ಸಿಬ್ಬಂದಿ. ಇವರ ಕೈಯಲ್ಲಿ ಉಸಿರು ಹೇಗೆ ಉಳಿಯುತ್ತದೆ, ಹೇಗೆ ತಪ್ಪುತ್ತದೆ ಎಂಬುದೇ ಇಲ್ಲಿನ ವಿಷಯ.

ಕನ್ನಡಿಗರ ಮನೆಮಾತಿಗೆ ಸಿಪಿಆರ್ ಬಂದದ್ದು ಹೃದಯದ ಬಾಗಿಲಿನಿಂದ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಎದೆನೋವಿನ ಬಗ್ಗೆ ಇಡೀ ನಾಡು ಮಾತಾಡಿತು. ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಆ ಭಯವನ್ನು ಇಮ್ಮಡಿ ಮಾಡಿತು. ಎದೆಯ ನಡುವೆ ಎರಡೂ ಅಂಗೈ ಇಟ್ಟು, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕೆಂಬ ಪಾಠ ಶಾಲೆಗಳಿಗೂ ಬಂತು. ಒಳ್ಳೆಯದೇ. ಆ ಪಾಠದಲ್ಲಿ ಉಸಿರು ಮಾತ್ರ ಹಿಂದೆ ಬಿತ್ತು, ಅದಕ್ಕೊಂದು ಕಾರಣವೂ ಇದೆ.

ಭಾರತದ ಅರಿವಳಿಕೆ ತಜ್ಞರ ಸಂಘದ ಆಶ್ರಯದಲ್ಲಿ 2017ರಲ್ಲಿ ಬಂದ ಮಾರ್ಗಸೂಚಿಗಳಲ್ಲಿ ಸಾಮಾನ್ಯ ಜನರಿಗಾಗಿ ಇರುವುದು ‘ಕೋಲ್ಸ್’. ಇದರಲ್ಲಿ ಎದೆ ಒತ್ತುವುದು ಮಾತ್ರ, ಬಾಯಿಗೆ ಬಾಯಿ ಇಟ್ಟು ಊದುವುದು ಇಲ್ಲ. ತರ್ಕ ಸರಿಯಾಗಿಯೇ ಇದೆ. ಮಾತಾಡುತ್ತಿದ್ದ ವಯಸ್ಕರ ಹೃದಯ ಥಟ್ಟನೆ ನಿಂತರೆ ರಕ್ತದಲ್ಲಿ ಇನ್ನೂ ಕೆಲವು ನಿಮಿಷಕ್ಕೆ ಸಾಲುವಷ್ಟು ಆಮ್ಲಜನಕ ಇರುತ್ತದೆ. ಅದನ್ನು ಮಿದುಳಿಗೆ ತಳ್ಳಿದರೆ ಸಾಕು. ಅಪರಿಚಿತರ ಬಾಯಿಗೆ ಬಾಯಿ ಇಡಬೇಕು ಎಂದರೆ ಹೆಚ್ಚಿನ ಮಂದಿ ಹಿಂದೆ ಸರಿಯುತ್ತಾರೆ. ಅವರನ್ನು ಎದೆ ಒತ್ತುವುದಕ್ಕಾದರೂ ಮುಂದೆ ತರೋಣ ಎಂಬ ಲೋಕಜ್ಞಾನ ಅದರಲ್ಲಿದೆ.

ಕರಾವಳಿಯ ಸಾವುಗಳಲ್ಲಿ ಈ ತರ್ಕ ಅರ್ಧಕ್ಕೇ ನಿಲ್ಲುತ್ತದೆ. ನೀರಿನಲ್ಲಿ ಮುಳುಗಿದವರ, ಗಂಟಲಲ್ಲಿ ಕಡಲೆಬೀಜ ಸಿಕ್ಕಿದ ಮಗುವಿನ, ನಾಗರಹಾವು ಕಚ್ಚಿದವರ, ಕೀಟನಾಶಕ ಕುಡಿದವರ ಹೃದಯ ಮೊದಲು ನಿಲ್ಲುವುದಿಲ್ಲ. ಅವರಲ್ಲಿ ಮೊದಲು ನಿಲ್ಲುವುದು ಉಸಿರು. ಹೃದಯ ನಿಲ್ಲುವ ಹೊತ್ತಿಗೆ ರಕ್ತದಲ್ಲಿದ್ದ ಆಮ್ಲಜನಕ ಪೂರ್ತಿ ಖರ್ಚಾಗಿರುತ್ತದೆ. ಆಗ ಎದೆ ಎಷ್ಟು ಒತ್ತಿದರೂ ಖಾಲಿ ರಕ್ತ ಸುತ್ತುತ್ತದೆ ಅಷ್ಟೆ. ಅದಕ್ಕೇ ಮುಳುಗಿದವರ ವಿಷಯದಲ್ಲಿ ಯುರೋಪಿನ ಮಾರ್ಗಸೂಚಿ ಎದೆ ಒತ್ತುವ ಮೊದಲೇ ಐದು ಸಲ ಉಸಿರು ಕೊಡಿ ಎನ್ನುತ್ತದೆ. ಅಮೆರಿಕದವರೂ 2024ರ ಪರಿಷ್ಕರಣೆಯಲ್ಲಿ ಮುಳುಗಿದವರಿಗೆ ಉಸಿರು ಕೊಡುವುದನ್ನು ಬಿಡಬಾರದು ಎಂದು ಒತ್ತಿ ಹೇಳಿದ್ದಾರೆ. ಬಯಲುಸೀಮೆಗೆ ಬರೆದ ಪಾಠವನ್ನು ಪಣಂಬೂರು, ಉಳ್ಳಾಲ, ಮಲ್ಪೆಗೆ ಹಾಗೆಯೇ ತಂದರೆ ಆಗುವ ನಷ್ಟ ಇದೇ.

ನಮ್ಮ ಕಡಲ ದಂಡೆಗಳಲ್ಲಿ ಈಗಲೂ ನಡೆಯುವ ಚಿಕಿತ್ಸೆ ಬೇರೆ. ಮೇಲೆ ತಂದವರನ್ನು ಕವುಚಿ ಮಲಗಿಸುವುದು, ಹೊಟ್ಟೆ ಒತ್ತುವುದು, ಮಕ್ಕಳಾದರೆ ಕಾಲು ಹಿಡಿದು ತಲೆಕೆಳಗೆ ಮಾಡುವುದು. ನೀರು ಬಂತು ಎಂದು ಸುತ್ತ ನಿಂತವರಿಗೆ ಸಮಾಧಾನ. ಬಂದದ್ದು ಹೊಟ್ಟೆಯ ನೀರು. ಶ್ವಾಸಕೋಶಕ್ಕೆ ಹೋದ ನೀರು ಜನ ಎಣಿಸುವುದಕ್ಕಿಂತ ಬಹಳ ಕಡಿಮೆ, ಅದು ಹೊಟ್ಟೆ ಒತ್ತಿದರೆ ಬರುವುದೂ ಇಲ್ಲ. ಬರುವುದು ತಿಂದ ಅನ್ನ, ಮತ್ತು ಅದು ನೇರ ಗಾಳಿಕೊಳವೆಗೆ ಇಳಿಯಲು ಕಾಯುತ್ತಿರುತ್ತದೆ. ಬಾಯಿಯ ಸುತ್ತ ನೊರೆ ಬಂದರೆ ಅದನ್ನು ಒರೆಸುತ್ತ ಕೂರುವುದೂ ಕಾಲಹರಣವೇ. ನೊರೆಯ ಮೇಲೆಯೇ ಊದಬೇಕು. ನಮ್ಮವರನ್ನು ಮಾತ್ರ ನೋಡಿ ನಗಬೇಕಾಗಿಲ್ಲ. 1767ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮುಳುಗಿದವರನ್ನು ಉಳಿಸಲೆಂದೇ ಹುಟ್ಟಿದ ಸಂಘ ಬಾಯಿಂದ ಗಾಳಿ ಊದಲು ಹೇಳಿದ್ದರ ಜೊತೆಗೆ ಗುದದ್ವಾರದಿಂದ ತಂಬಾಕಿನ ಹೊಗೆ ಊದಲೂ ಹೇಳಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೈಗಳನ್ನು ಮೇಲೆ ಕೆಳಗೆ ಮಾಡಿ ಉಸಿರು ಎಳೆಸುವ ಸಿಲ್ವೆಸ್ಟರ್ ವಿಧಾನ ಬಂತು. ಆಮೇಲೆ ಬೆನ್ನು ಒತ್ತುವ ಶೇಫರ್, ಹೋಲ್ಗರ್ ನೀಲ್ಸನ್ ವಿಧಾನಗಳು ಬಂದವು. ಹಳೆಯ ಪ್ರಥಮ ಚಿಕಿತ್ಸೆ ಪುಸ್ತಕಗಳ ಚಿತ್ರಗಳಲ್ಲಿ ಇವನ್ನು ನೋಡಿದವರು ಇನ್ನೂ ಇದ್ದಾರೆ. ವೈದ್ಯರಾದ ಜೇಮ್ಸ್ ಎಲಾಮ್ ಮತ್ತು ಪೀಟರ್ ಸಾಫರ್ 1950ರ ದಶಕದಲ್ಲಿ ಇವೆಲ್ಲಕ್ಕಿಂತ ಬಾಯಿಂದ ಬಾಯಿಗೆ ಊದಿದ ಗಾಳಿಯೇ ಮೇಲು ಎಂದು ತೋರಿಸಿದರು. ಸಾಫರ್ ಅದಕ್ಕಾಗಿ ಬಾಲ್ಟಿಮೋರಿನಲ್ಲಿ ಒಪ್ಪಿ ಮುಂದೆ ಬಂದವರ ಸ್ನಾಯುಗಳನ್ನು ಔಷಧದಿಂದ ಸಡಿಲಗೊಳಿಸಿ, ಉಸಿರು ನಿಲ್ಲಿಸಿ ಪರೀಕ್ಷಿಸಿದ್ದರು. ನಾವು ಹೊರಗೆ ಬಿಡುವ ಗಾಳಿಯಲ್ಲೂ ಶೇಕಡ 16-17ರಷ್ಟು ಆಮ್ಲಜನಕ ಉಳಿದಿರುತ್ತದೆ. ಸಾಯುತ್ತಿರುವವರಿಗೆ ಅದು ಧಾರಾಳ ಸಾಕು.

ಊದುವುದಕ್ಕೆ ಮೊದಲು ದಾರಿ ತೆರೆಯಬೇಕು. ಪ್ರಜ್ಞೆ ತಪ್ಪಿ ಅಂಗಾತ ಬಿದ್ದವರ ನಾಲಿಗೆಯ ಬುಡ ಜಾರಿ, ಬಾವಿಯ ಬಾಯಿಗೆ ಹಲಗೆ ಮುಚ್ಚಿದ ಹಾಗೆ, ಗಂಟಲನ್ನು ಮುಚ್ಚುತ್ತದೆ. ಗೊರಗೊರ ಸದ್ದು ಬಂದರೆ ಅರ್ಧ ಮುಚ್ಚಿದೆ ಎಂದರ್ಥ. ಸದ್ದೇ ಇಲ್ಲದಿದ್ದರೆ ಪೂರ್ತಿ ಮುಚ್ಚಿರಬಹುದು. ಹಣೆಯ ಮೇಲೆ ಒಂದು ಕೈ, ಗಲ್ಲದ ಮೂಳೆಯ ಕೆಳಗೆ ಇನ್ನೊಂದು ಕೈಯ ಎರಡು ಬೆರಳು ಇಟ್ಟು, ತಲೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿದರೆ ಎಷ್ಟೋ ಸಲ ಉಸಿರು ತಾನಾಗಿಯೇ ಹೊರಡುತ್ತದೆ. ಅಪಘಾತದಲ್ಲಿ ಕತ್ತಿನ ಮೂಳೆಗೆ ಏಟಾಗಿರುವ ಶಂಕೆ ಇದ್ದರೆ ತಲೆ ಬಾಗಿಸದೆ, ಕಿವಿಯ ಕೆಳಗಿನ ದವಡೆಯ ಮೂಲೆಗಳನ್ನು ಎರಡೂ ಕೈಬೆರಳುಗಳಿಂದ ಮುಂದಕ್ಕೆ ತಳ್ಳಬೇಕು. ಅದರಿಂದಲೂ ದಾರಿ ತೆರೆಯದಿದ್ದರೆ ಕತ್ತಿನ ಭಯ ಬಿಟ್ಟು ಗಲ್ಲ ಎತ್ತಲೇಬೇಕು. ಉಸಿರಿಲ್ಲದವರಿಗೆ ಕತ್ತು ಸರಿ ಇದ್ದೂ ಏನು ಪ್ರಯೋಜನ? ಉಸಿರಾಡುತ್ತಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸುವುದು. ಇದಕ್ಕೆ ಯಂತ್ರ ಬೇಡ, ಔಷಧ ಬೇಡ, ಡಿಗ್ರಿ ಬೇಡ. ಅನೇಕರು ಏಕಕಾಲಕ್ಕೆ ಗಾಯಗೊಂಡ ದುರಂತಗಳಿಗೆಂದು 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ ‘ಸ್ಟಾರ್ಟ್’ ಪದ್ಧತಿಯಲ್ಲಿ ಉಸಿರಿಲ್ಲದವರಿಗೆ ಮಾಡುವ ಉಪಚಾರ ಇದೊಂದೇ. ದಾರಿ ತೆರೆ, ಉಸಿರು ಬಂದರೆ ಮೊದಲ ಸಾಲಿಗೆ ಕಳಿಸು, ಬರದಿದ್ದರೆ ಮುಂದಿನವರ ಬಳಿ ಹೋಗು. ಕಠೋರ ನಿಯಮ. 2010ರ ಮೇ 22ರಂದು ಕೆಂಜಾರಿನಲ್ಲಿ ವಿಮಾನ ಬಿದ್ದು 158 ಜನ ಸತ್ತ ಊರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಬದಲು ನಮ್ಮಲ್ಲಿ ಏನು ಮಾಡುತ್ತಾರೆ? ಬಿದ್ದವರ ತಲೆಯ ಕೆಳಗೆ ಚೀಲವನ್ನೋ ಮಡಚಿದ ಟವೆಲನ್ನೋ ಇಡುತ್ತಾರೆ. ಅದರಿಂದ ಕತ್ತು ಮುಂದಕ್ಕೆ ಬಾಗಿ ದಾರಿ ಇನ್ನಷ್ಟು ಮುಚ್ಚುತ್ತದೆ. ಬಾಯಿಗೆ ನೀರು ಬಿಡುತ್ತಾರೆ, ಸೋಡಾ ಆದರೂ ಆದೀತು. ಅಪಸ್ಮಾರದಿಂದ ಒದ್ದಾಡುವವರ ಕೈಗೆ ಕೀಗೊಂಚಲು ಕೊಡುತ್ತಾರೆ. ಸೆಳೆತ ತಾನಾಗಿಯೇ ನಿಂತರೆ ಆ ಶ್ರೇಯಸ್ಸು ಕಬ್ಬಿಣಕ್ಕೆ ಹೋಗುತ್ತದೆ. ಕೀ ಕೊಟ್ಟರೆ ದೊಡ್ಡ ಹಾನಿಯಿಲ್ಲ ಬಿಡಿ, ಆದರೆ ಬಾಯಿಯೊಳಗೆ ಚಮಚ ತುರುಕಬೇಡಿ. ಮನೆಯಲ್ಲಿ ಹಿರಿಯರು ಕುಸಿದಾಗ ಇನ್ನೊಂದು ಗೊಂದಲ. ಹೃದಯ ನಿಂತ ಮೇಲೂ ಕೆಲವರು ಒಂದೆರಡು ನಿಮಿಷ ಬಾಯಿ ತೆರೆದು ಗಕ್ಕೆಂದು ಉಸಿರೆಳೆಯುತ್ತಾರೆ. ‘ಉಸಿರಾಡ್ತಾ ಇದ್ದಾರೆ’ ಎಂದು ಒಬ್ಬರು, ‘ಕೊನೆಯುಸಿರು, ತುಳಸಿನೀರು ತನ್ನಿ’ ಎಂದು ಇನ್ನೊಬ್ಬರು. ಅದು ಉಸಿರಾಟವಲ್ಲ, ಕೂಡಲೇ ಎದೆ ಒತ್ತಬೇಕು ಎಂಬ ಸೂಚನೆ. ತುಳಸಿನೀರಿಗೆ ಆಮೇಲೂ ಹೊತ್ತು ಇರುತ್ತದೆ.

ಗಂಟಲಲ್ಲಿ ಸಿಕ್ಕಿಕೊಳ್ಳುವ ವಿಷಯಕ್ಕೆ ಹೆಚ್ಚು ಮಾತು ಬೇಡ. ಮೀನಿನ ಮುಳ್ಳು ಚುಚ್ಚಿದ್ದಕ್ಕೆ ಅನ್ನದ ಉಂಡೆ ನುಂಗಿಸುವುದು ಬೇರೆ ಸಂಗತಿ, ಅದರಿಂದ ಉಸಿರು ನಿಲ್ಲುವುದಿಲ್ಲ. ಮಾತಾಡಲಾರದೆ, ಕೆಮ್ಮಲಾರದೆ ಕತ್ತು ಹಿಡಿದುಕೊಂಡವರಿಗೆ ಭುಜದ ಎಲುಬುಗಳ ನಡುವೆ ಐದು ಬಲವಾದ ಹೊಡೆತ, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತುವುದು. ಹೀಗೆ ಸರದಿಯಲ್ಲಿ ಮಾಡಬೇಕೆಂದು ಅಮೆರಿಕದ 2025ರ ಮಾರ್ಗಸೂಚಿಯೂ ಹೇಳುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತುವಂತಿಲ್ಲ. ತಲೆ ತಗ್ಗಿಸಿ ಬೆನ್ನಿಗೆ ಐದು, ತಿರುಗಿಸಿ ಎದೆಗೆ ಐದು. ಕಾಣದ ವಸ್ತುವಿಗಾಗಿ ಬಾಯಿಯೊಳಗೆ ಬೆರಳು ತಿರುವಿದರೆ ಅದು ಇನ್ನೂ ಕೆಳಗೆ ಹೋಗುತ್ತದೆ.

ಇನ್ನು ಆಂಬುಲೆನ್ಸ್. ಕರ್ನಾಟಕದಲ್ಲಿ ಆರೋಗ್ಯ ಕವಚ 108 ಶುರುವಾದದ್ದು 2008ರ ನವೆಂಬರ್ 1ರಂದು. 2015ರಲ್ಲಿ ಬೈಕ್ ಆಂಬುಲೆನ್ಸ್‌ಗಳೂ ಬಂದವು. ನಮ್ಮ ಜನರ ಕಣ್ಣಿನಲ್ಲಿ ಆಂಬುಲೆನ್ಸ್ ಎಂದರೆ ವೇಗ. 2020ರ ಫೆಬ್ರವರಿಯಲ್ಲಿ 40 ದಿನದ ಹಸುಳೆಯನ್ನು ಫಾದರ್ ಮುಲ್ಲರ್ ಆಸ್ಪತ್ರೆಯಿಂದ ಬೆಂಗಳೂರಿನ ಜಯದೇವಕ್ಕೆ ನಾಲ್ಕೂವರೆ ಗಂಟೆಯೊಳಗೆ ಮುಟ್ಟಿಸಿದಾಗ ಜೀರೋ ಟ್ರಾಫಿಕ್‌ಗೆಂದು ಜನ ಊರೂರಲ್ಲಿ ರಸ್ತೆಯ ಬದಿ ನಿಂತು ದಾರಿ ಬಿಟ್ಟರು. ಆಗ ಸಿಕ್ಕ ಹೊಗಳಿಕೆಗೆ ಚಾಲಕರು ನಿಜವಾಗಿ ಅರ್ಹರು. ಆದರೆ ಅಷ್ಟು ದೂರ ಒಂದು ಹಸುಳೆಯ ಉಸಿರು ತಪ್ಪದಂತೆ ಹಿಂದಿನ ಸೀಟಿನಲ್ಲಿ ಕೂತವರ ಕೆಲಸದ ಬಗ್ಗೆ ಯಾರೂ ವಿಡಿಯೊ ಮಾಡಲಿಲ್ಲ. ಗಾಡಿ ಓಡಿದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ ಖಾಸಗಿ ಆಂಬುಲೆನ್ಸ್‌ಗಳಲ್ಲಿ ಅನೇಕವು ಚಾಲಕ, ಸ್ಟ್ರೆಚರ್, ಒಂದು ಸಿಲಿಂಡರ್ ಇಷ್ಟರಲ್ಲೇ ಓಡುತ್ತವೆ. ದೇಶದ ಆಸ್ಪತ್ರೆಗಳ ತುರ್ತು ಸೇವೆಯ ಬಗ್ಗೆ ನೀತಿ ಆಯೋಗ ಮತ್ತು ಏಮ್ಸ್ 2021ರಲ್ಲಿ ಹೊರತಂದ ವರದಿಯಲ್ಲಿ, ನೋಡಿದ ಆಸ್ಪತ್ರೆಗಳಲ್ಲಿ ಶೇಕಡ 91ರಲ್ಲಿ ಸ್ವಂತ ಆಂಬುಲೆನ್ಸ್ ಇತ್ತು. ತರಬೇತಾದ ಪ್ಯಾರಾಮೆಡಿಕ್ ಇದ್ದದ್ದು ಶೇಕಡ 34ರಲ್ಲಿ ಮಾತ್ರ.

108ರ ಗಾಡಿಯಲ್ಲಿ ಇಬ್ಬರು. ಓಡಿಸುವವರು ‘ಪೈಲಟ್’, ಹಿಂದೆ ಇರುವವರು ‘ಇಎಂಟಿ’, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರು. ಗಾಡಿ ಹೊರಟಿತೆಂದರೆ ಹಿಂದೆ ಉಳಿಯುವುದು ಒಬ್ಬರೇ. ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಉಸಿರಿಲ್ಲದ ರೋಗಿಗೆ, ಕೈಯಿಂದ ಹಿಂಡಿ ಗಾಳಿ ಕೊಡುವ ಅಂಬು ಬ್ಯಾಗ್ ಹಿಡಿಯುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಮಾಸ್ಕಿನ ಚೂಪು ತುದಿ ಮೂಗಿನ ಮೇಲೆ, ಅಗಲದ ತುದಿ ಗಲ್ಲದ ಮೇಲೆ. ಹೆಬ್ಬೆರಳು ಮತ್ತು ತೋರುಬೆರಳು ಮಾಸ್ಕನ್ನು ಬಳಸಿ ಹಿಡಿದಿರಬೇಕು. ಉಳಿದ ಮೂರು ಬೆರಳು ದವಡೆಯ ಮೂಳೆಯನ್ನು ಹಿಡಿದು ಮುಖವನ್ನು ಮಾಸ್ಕಿನೊಳಕ್ಕೆ ಎಳೆಯಬೇಕು. ಮಾಸ್ಕನ್ನು ಮುಖಕ್ಕೆ ಒತ್ತುವುದಲ್ಲ. ಗಡ್ಡ ಇದ್ದರೆ, ಹಲ್ಲಿಲ್ಲದ ಬೊಚ್ಚುಬಾಯಿಯಾದರೆ ಗಾಳಿ ಪಕ್ಕದಿಂದ ಬುಸ್ಸೆಂದು ಸೋರುತ್ತದೆ. ಇನ್ನೊಂದು ಕೈ ಬ್ಯಾಗ್ ಹಿಂಡಬೇಕು. ಬ್ಯಾಗಿನಲ್ಲಿ ಒಂದೂವರೆ ಲೀಟರ್‌ನಷ್ಟು ಗಾಳಿ ಇರುತ್ತದೆ, ವಯಸ್ಕರಿಗೆ ಬೇಕಾದದ್ದು ಅರ್ಧ ಲೀಟರ್ ಚಿಲ್ಲರೆ. ಎದೆ ಏಳುವುದು ಕಂಡರೆ ಸಾಕು, ಪೂರ್ತಿ ಹಿಂಡಬಾರದು. ನಾಡಿ ಇದ್ದು ಉಸಿರಿಲ್ಲದಿದ್ದರೆ ಆರು ಸೆಕೆಂಡಿಗೆ ಒಂದು. ನಾಡಿಯೂ ಇಲ್ಲದಿದ್ದರೆ ಮೂವತ್ತು ಸಲ ಎದೆ ಒತ್ತಿ ಎರಡು ಉಸಿರು. ವಾಂತಿ ಬಂದರೆ ತಲೆ ತಿರುಗಿಸಿ ಸಕ್ಷನ್, ಅದೂ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚಲ್ಲ. ಇದಿಷ್ಟೂ ಶಿರಾಡಿಯ ತಿರುವಿನಲ್ಲಿ, ಒಬ್ಬರಿಂದ, ಎರಡೇ ಕೈಯಲ್ಲಿ.

ಗಾಬರಿಯಲ್ಲಿರುವ ಕೈ ವೇಗವಾಗಿ ಹಿಂಡುತ್ತದೆ. 2004ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ನುರಿತ ಸಿಬ್ಬಂದಿಯ ಜೊತೆಗೇ ಹೋಗಿ 13 ರೋಗಿಗಳಲ್ಲಿ ಎಣಿಸಿ ನೋಡಿದಾಗ ಅವರು ಸರಾಸರಿ ನಿಮಿಷಕ್ಕೆ ಮೂವತ್ತು ಸಲ ಗಾಳಿ ಕೊಡುತ್ತಿದ್ದರು. ಬೇಕಾದದ್ದು ಅದರ ಮೂರನೆಯ ಒಂದು ಭಾಗ. ಹೆಚ್ಚು ಗಾಳಿ ಹೋದಷ್ಟೂ ಎದೆಯೊಳಗಿನ ಒತ್ತಡ ಏರುತ್ತದೆ, ಹೃದಯಕ್ಕೆ ರಕ್ತ ಮರಳುವುದು ಕಡಿಮೆಯಾಗುತ್ತದೆ, ಹೊಟ್ಟೆ ಉಬ್ಬಿ ವಾಂತಿಯಾಗುತ್ತದೆ. ಉಸಿರು ಹೆಚ್ಚು ಕೊಟ್ಟು ಕೊಲ್ಲುವುದೂ ಸಾಧ್ಯ.

ಹಾಗಾದರೆ ಗಂಟಲಿಗೆ ಟ್ಯೂಬ್ ಹಾಕಿಬಿಡಬಾರದೇ? ಬಹಳ ಕಾಲ ಅದೇ ಉತ್ತಮ ಎಂದು ನಂಬಿದ್ದರು. 2000ದಲ್ಲಿ ಪ್ರಕಟವಾದ ಲಾಸ್ ಏಂಜಲಿಸ್‌ನ ಅಧ್ಯಯನದಲ್ಲಿ, 830 ಮಕ್ಕಳಲ್ಲಿ ಬ್ಯಾಗ್-ಮಾಸ್ಕ್‌ಗಿಂತ ಟ್ಯೂಬಿನಿಂದ ಹೆಚ್ಚು ಜೀವ ಉಳಿಯಲಿಲ್ಲ. 2018ರಲ್ಲಿ ಇಂಗ್ಲೆಂಡಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಗಂಟಲಿನ ಮೇಲ್ಭಾಗದಲ್ಲೇ ಕೂರುವ ಐ-ಜೆಲ್ ಎಂಬ ಮೆತ್ತನೆಯ ಸಾಧನಕ್ಕೂ ಟ್ಯೂಬಿಗೂ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಅಮೆರಿಕದ ಮೂರು ಸಾವಿರ ರೋಗಿಗಳಲ್ಲಿ ಅದೇ ಬಗೆಯ ಸರಳ ಸಾಧನ ಟ್ಯೂಬಿಗಿಂತ ತುಸು ಮುಂದೆಯೇ ಇತ್ತು. ಟ್ಯೂಬ್ ಹಾಕುವ ಕೈ ದಿನವೂ ಪಳಗುತ್ತಿರಬೇಕು. ತಪ್ಪಿ ಅನ್ನನಾಳಕ್ಕೆ ಹೋದರೆ, ಅದು ಗೊತ್ತಾಗದೆ ಹೋದರೆ, ಮಾಡದಿದ್ದುದಕ್ಕಿಂತ ಕೇಡು. ಹಿಂದಿನ ಸೀಟಿನಲ್ಲಿ ಒಬ್ಬರೇ ಇರುವ ನಮ್ಮ ಗಾಡಿಗಳಿಗೆ ಐ-ಜೆಲ್‌ನಂಥದ್ದು ಹೇಳಿ ಮಾಡಿಸಿದ್ದು. ಒಮ್ಮೆ ಕೂರಿಸಿದರೆ ಮಾಸ್ಕ್ ಒತ್ತಿಹಿಡಿಯುವ ಕೈ ಬಿಡುವಾಗುತ್ತದೆ. ಅದಕ್ಕೂ ಮೊದಲು ನಾಲಿಗೆ ಹಿಂದೆ ಜಾರದಂತೆ ಬಾಯಿಗೆ ಹಾಕುವ ಬಾಗಿದ ಪ್ಲಾಸ್ಟಿಕ್ ಏರ್‌ವೇ ಇದೆ. ಬಾಯಿಯ ಮೂಲೆಯಿಂದ ದವಡೆಯ ಮೂಲೆಗೆ ಅಳತೆ ನೋಡಿ ಆರಿಸಿದರಾಯಿತು. ಇಷ್ಟು ಅಗ್ಗದ ವಸ್ತು ಡಬ್ಬಿಯೊಳಗೇ ಉಳಿಯುವುದು ಸಲ್ಲದು.

ಹಾವಿನ ವಿಷಯ ಕರಾವಳಿಗೆ ವಿಶೇಷವಾಗಿ ಮುಖ್ಯ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಾಗರ ಮತ್ತು ಕಟ್ಟುಹಾವಿನ ವಿಷ ನರಗಳ ಆಜ್ಞೆ ಸ್ನಾಯುಗಳಿಗೆ ತಲುಪದಂತೆ ತಡೆಯುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ, ಕೊನೆಗೆ ಉಸಿರಿನ ಸ್ನಾಯುಗಳೂ ಸೋಲುತ್ತವೆ. ಹೃದಯ ಬಡಿಯುತ್ತಲೇ ಇರುತ್ತದೆ. ಒಳಗೆ ಪ್ರಜ್ಞೆಯೂ ಇರಬಹುದು, ಮಾತು ಕಿವಿಗೆ ಬೀಳುತ್ತಲೂ ಇರಬಹುದು. ಸುಳ್ಯದಿಂದ ಮಂಗಳೂರಿಗೆ ಹೆಚ್ಚುಕಡಿಮೆ 85 ಕಿಲೋಮೀಟರ್. ಹತ್ತಿರದ ಆಸ್ಪತ್ರೆಯಲ್ಲಿ ಪ್ರತಿವಿಷ ಶುರುಮಾಡಿ, ದಾರಿಯುದ್ದಕ್ಕೂ ಆರು ಸೆಕೆಂಡಿಗೊಮ್ಮೆ ಬ್ಯಾಗ್ ಹಿಂಡಿದರೆ ಇಂಥವರು ಉಳಿದು, ಎದ್ದು, ಮತ್ತೆ ತೋಟಕ್ಕೆ ಹೋಗುತ್ತಾರೆ. ಬರಿಯ ಕೈ ಎಷ್ಟು ದೂರ ಎಳೆಯಬಲ್ಲದು ಎಂಬುದಕ್ಕೆ ದೊಡ್ಡ ಸಾಕ್ಷಿ 1952ರ ಕೋಪನ್‌ಹೇಗನ್. ಪೋಲಿಯೊ ಬಂದು ಉಸಿರಾಡಲಾರದ ರೋಗಿಗಳು ತುಂಬಿದಾಗ, ಬ್ಯೋರ್ನ್ ಇಬ್ಸನ್ ಎಂಬ ಅರಿವಳಿಕೆ ವೈದ್ಯರ ಸಲಹೆಯಂತೆ ಗಂಟಲಿಗೆ ರಂಧ್ರ ಮಾಡಿ ಕೊಳವೆ ಇಟ್ಟು, ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ, ವಾರಗಟ್ಟಲೆ, ಬ್ಯಾಗ್ ಹಿಂಡಿದರು. ನಾಲ್ಕೇ ವರ್ಷದ ಮೇಲೆ ಅದೇ ದೇಶದ ಹೆನಿಂಗ್ ರೂಬೆನ್ ರೂಪಿಸಿದ, ತಾನಾಗಿ ಉಬ್ಬಿಕೊಳ್ಳುವ ಬ್ಯಾಗ್ ಮಾರುಕಟ್ಟೆಗೆ ಬಂತು. ಸಿಲಿಂಡರ್ ಇಲ್ಲದಿದ್ದರೂ ಕೆಲಸ ಮಾಡುವ ಅಂಬು ಬ್ಯಾಗ್ ಅದೇ.

ಸಿಲಿಂಡರಿನ ಮಾತು ಬಂದಾಗ ಕೋವಿಡ್ ನೆನಪಾಗುತ್ತದೆ. 2021ರ ಮೇ ಮೊದಲ ವಾರ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದೊಳಗೆ 24 ರೋಗಿಗಳು ಸತ್ತರು. ಅದೇ ವಾರ ನೌಕಾಪಡೆಯ ತಲ್ವಾರ್ ಹಡಗು ಬಹ್ರೇನ್‌ನಿಂದ ದ್ರವ ಆಮ್ಲಜನಕದ ಟ್ಯಾಂಕ್ ಹೊತ್ತು ನವಮಂಗಳೂರು ಬಂದರಿಗೆ ಬಂತು. ಆಮೇಲೆ ಊರೆಲ್ಲ ಕಾನ್ಸಂಟ್ರೇಟರ್‌ಗಳ ದಾನ. ಆದರೆ ಆಮ್ಲಜನಕ ಕೊಡುವುದು ಬೇರೆ, ಉಸಿರಾಡಿಸುವುದು ಬೇರೆ. ನಿಮಿಷಕ್ಕೆ ಹದಿನೈದು ಲೀಟರ್ ಬಿಟ್ಟರೂ, ಎದೆಯೇ ಏಳದವರ ಮುಖದ ಮೇಲಿನ ಮಾಸ್ಕ್ ಅಲಂಕಾರಕ್ಕಷ್ಟೆ. ಮಾಸ್ಕ್ ಹಾಕಿ, ಸಿಲಿಂಡರ್ ತಿರುಗಿಸಿ, ನಿಶ್ಚಿಂತೆಯಿಂದ ಪಕ್ಕದಲ್ಲಿ ಕೂರುವ ರೂಢಿ ಕೋವಿಡ್ ನಂತರ ಹೆಚ್ಚಿದೆಯೇ ಎಂಬ ಅನುಮಾನ ನನಗಿದೆ.

ದಾರಿಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸ್ ಕೇಸು ಎಂಬ ಭಯಕ್ಕೆ ಈಗ ಆಧಾರ ಇಲ್ಲ. ಸುಪ್ರೀಂ ಕೋರ್ಟ್ 2016ರಲ್ಲೇ ನೆರವಿಗೆ ಬಂದವರಿಗೆ ರಕ್ಷಣೆ ಕೊಟ್ಟಿತು. ಅದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಅದೇ ರಕ್ಷಣೆಯ 134ಎ ಸೆಕ್ಷನ್ ಸೇರಿತು. ಕಾನೂನಿನ ಭಯ ಹೋದರೂ ದಾರಿಯೇ ಮುಚ್ಚಿಹೋಗಬಹುದು. ಉಸಿರು ಕಟ್ಟಿದವರಿಗೆ ಗಡಿ ಎಂದರೆ ಏನೆಂದು 2020ರ ಲಾಕ್‌ಡೌನಿನಲ್ಲಿ ಕೇರಳದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಜೇಶ್ವರ, ಕಾಸರಗೋಡಿನ ಕನ್ನಡಿಗರು ಕಂಡುಕೊಂಡರು. ಫಳ್ನೀರನ್ನೇ ನಂಬಿದ್ದ ಹಲವು ರೋಗಿಗಳು ಗಡಿಯ ಆಚೆಗೇ ತೀರಿಕೊಂಡರು. ತಮ್ಮ ಊರಿನಲ್ಲೇ ಬ್ಯಾಗ್ ಹಿಡಿಯಬಲ್ಲವರು ಎಷ್ಟು ಮಂದಿ ಇದ್ದಾರೆ ಎಂದು ಆಮೇಲಾದರೂ ಯಾರಾದರೂ ಎಣಿಸಬೇಕಿತ್ತು.

ತರಬೇತಿ ಇಲ್ಲ ಎನ್ನುವಂತಿಲ್ಲ. ವೈದ್ಯಕೀಯ ಕಾಲೇಜುಗಳಲ್ಲಿ ಬೊಂಬೆಗಳಿವೆ, ಕೋರ್ಸುಗಳಿವೆ, ಸಹ ಆರೋಗ್ಯ ವೃತ್ತಿಗಳ 2021ರ ಕೇಂದ್ರ ಕಾಯ್ದೆಯಿಂದ ತುರ್ತು ವೈದ್ಯಕೀಯ ತಂತ್ರಜ್ಞರಿಗೂ ವೃತ್ತಿಯ ಮಾನ್ಯತೆ ಬಂದಿದೆ. ತೊಡಕು ಇರುವುದು ಮರೆವಿನಲ್ಲಿ. ಪ್ರಮಾಣಪತ್ರದ ಅವಧಿ ಎರಡು ವರ್ಷ, ಕೈಯ ನೆನಪು ಮಾಸುವುದು ಮೂರರಿಂದ ಆರು ತಿಂಗಳಲ್ಲಿ. ಆದ್ದರಿಂದ ಸಭಾಂಗಣದಲ್ಲಿ ಇನ್ನೂರು ಜನರನ್ನು ಕೂರಿಸಿ ಒಂದು ದಿನದ ಶಿಬಿರ ಮಾಡಿ, ಫೋಟೊ ತೆಗೆಸಿ, ಪತ್ರಿಕೆಗೆ ಕಳಿಸುವುದರಿಂದ ಆಗುವುದು ಕಡಿಮೆ. ಮಳೆಗಾಲಕ್ಕೆ ಮೊದಲೊಮ್ಮೆ, ದೋಣಿಗಳು ಮತ್ತೆ ಕಡಲಿಗೆ ಇಳಿದ ಮೇಲೊಮ್ಮೆ, ಹತ್ತು ಹತ್ತು ಜನರ ಗುಂಪಿಗೆ ಅರ್ಧ ಗಂಟೆ ಬೊಂಬೆಯ ಮೇಲೆ ಕೈ ಆಡಿಸಲು ಬಿಟ್ಟರೆ ಅದು ಹೆಚ್ಚು. ಬೊಂಬೆ ಬೆಂಗ್ರೆಗೆ, ಉಳ್ಳಾಲಕ್ಕೆ, ಕಂಕನಾಡಿಯ ರಿಕ್ಷಾ ನಿಲ್ದಾಣಕ್ಕೆ ಹೋಗಬೇಕು. ಈಜು ಬಲ್ಲವರು, ಮುಳುಗಿದವರನ್ನು ಮೇಲೆ ತರಬಲ್ಲವರು ಈ ದಂಡೆಯಲ್ಲಿ ಬೇಕಾದಷ್ಟಿದ್ದಾರೆ. ಮೇಲೆ ತಂದ ಮೇಲಿನ ಮೊದಲ ಐದು ಉಸಿರನ್ನು ಅವರಿಗೆ ಕಲಿಸುವ ಹೊಣೆ ಯಾವ ಇಲಾಖೆಯದು ಎಂದು ಜಿಲ್ಲಾಡಳಿತ ಹೇಳಬೇಕು. ಕರಾವಳಿ ಕಾವಲು ಪೊಲೀಸರದೋ, ಮೀನುಗಾರಿಕೆಯದೋ, ಆರೋಗ್ಯ ಇಲಾಖೆಯದೋ?